ಕೊಡಗಿನ ಎರಡು ಚರ್ಚುಗಳು
ಮಡಿಕೇರಿಯಲ್ಲಿ ಭಾನುವಾರ ಚರ್ಚು ಹುಡುಕಿ ಹೊರಟವರಿಗೆ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಕಾಣಿಸುತ್ತದೆ. ಅದೀಗ ವಸ್ತುಸಂಗ್ರಹಾಲಯ, ಪೀಠಗಳಿದ್ದ ಕಡೆ ವೀರಗಲ್ಲುಗಳು, ಆಯುಧಗಳು ಬಂದಿವೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು, 1850ರ ದಶಕದಲ್ಲಿ ಇಲ್ಲಿದ್ದ ವೀರಭದ್ರನ ಗುಡಿಯನ್ನು ತೆಗೆಸಿ ಇದನ್ನು ಕಟ್ಟಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ಅವರು ಹೊರಟರು, ಪ್ರಾರ್ಥನೆ ನಿಂತಿತು. ಊರಿನ ಕ್ರೈಸ್ತರು ಸೇರುವುದು ಬೇರೆ ಚರ್ಚುಗಳಲ್ಲಿ.

ವಿರಾಜಪೇಟೆಯ ಕಥೆ ಬೇರೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ಲಿಂಗಾಯತ ಅರಸ ದೊಡ್ಡವೀರರಾಜೇಂದ್ರ, 1792ರಲ್ಲಿ ತಾನೇ ಕಟ್ಟಿಸಿದ ಈ ಪೇಟೆಯಲ್ಲಿ ನೆಲೆ ಕೊಟ್ಟ, ಚರ್ಚಿಗೆ ಜಾಗವನ್ನೂ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ಚರ್ಚಿನಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಎರಡೂ ಆಳುವವರ ಅನುಮತಿಯಿಂದಲೇ ಎದ್ದವು. ಆದರೆ ಒಂದರ ಭಕ್ತರು ಆಳಲು ಬಂದವರು, ಇನ್ನೊಂದರವರು ಬದುಕಲು ಬಂದು ಊರಿನವರೇ ಆದವರು.