ಸಾವಿರ ತಟ್ಟೆಗಳ ಚರಿತ್ರೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಟೋ ಕಾಲೇಜಿನಲ್ಲಿ ಸಂಗೀತೋದ್ಯಮ ಕಲಿಯುತ್ತಿದ್ದ ವಿದ್ಯಾರ್ಥಿಗಳು ಪಾಠದ ಅಂಗವಾಗಿ ವರ್ಷಕ್ಕೊಂದು ಧ್ವನಿಮುದ್ರಿಕೆಯನ್ನು ಹೊರತರುತ್ತಿದ್ದರು. 1996ರಲ್ಲಿ ಅವರು ಆಯ್ದುಕೊಂಡದ್ದು 'ಬೆಲ್ ಅಂಡ್ ಸೆಬಾಸ್ಟಿಯನ್' ಎಂಬ ಹೊಸ ಇಂಡೀ ಪಾಪ್ ತಂಡವನ್ನು.

ತಂಡದ ಗೀತಕಾರ ಸ್ಟುವರ್ಟ್ ಮರ್ಡಾಕ್ ತೀವ್ರ ಬಳಲಿಕೆಯ ಕಾಯಿಲೆಯಿಂದ ಹಲವು ವರ್ಷ ನಲುಗಿದವರು; ಹಾಡು ಕಟ್ಟುವುದನ್ನು ರೂಢಿಸಿಕೊಂಡದ್ದು ಆ ಏಕಾಂತದಲ್ಲಿಯೇ. ವಾಡಿಕೆಯಂತೆ ಕಾಲೇಜಿಗೆ ಒಂದು ಸಿಂಗಲ್ ಸಾಕಿತ್ತು. ತಂಡದ ಬಳಿ ಇಡೀ ಆಲ್ಬಮ್ಮಿಗಾಗುವಷ್ಟು ಹಾಡುಗಳಿದ್ದವು. ಕೆಲವೇ ದಿನಗಳಲ್ಲಿ ಮುದ್ರಣ ಮುಗಿದು 'ಟೈಗರ್‌ಮಿಲ್ಕ್' ಸಿದ್ಧವಾಯಿತು. ಕಾಲೇಜಿನದೇ ಲೇಬಲ್ 'ಎಲೆಕ್ಟ್ರಿಕ್ ಹನೀ' ಅದನ್ನು ಒಂದು ಸಾವಿರ ವಿನೈಲ್ ತಟ್ಟೆಗಳಲ್ಲಿ ಹೊರತಂದಿತು.

ಅದೇ ವರ್ಷದ ಕೊನೆಯಲ್ಲಿ ಬಂದ ಎರಡನೆಯ ಆಲ್ಬಂ ತಂಡಕ್ಕೆ ಹೆಸರು ತಂದಾಗ ಕೇಳುಗರು ಮೊದಲನೆಯದನ್ನು ಅರಸತೊಡಗಿದರು. ತಟ್ಟೆಗಳು ದುರ್ಲಭವಾಗಿ ಬೆಲೆ ಏರಿತು. ಕ್ಯಾಸೆಟ್ಟಿಗೆ ಇಳಿಸಿಕೊಂಡ ನಕಲುಗಳು ಕೈಯಿಂದ ಕೈಗೆ ಸಾಗಿದವು. 1999ರಲ್ಲಿ 'ಜೀಪ್‌ಸ್ಟರ್' ಸಂಸ್ಥೆ ಮರುಬಿಡುಗಡೆ ಮಾಡಿದ ಮೇಲಷ್ಟೇ ಅದು ಎಲ್ಲರ ಕಿವಿಗೆ ಎಟುಕಿತು.

ನಡುವಿನ ಮೂರು ವರ್ಷ ಆ ಹಾಡುಗಳನ್ನು ಜೀವಂತವಾಗಿಟ್ಟವರು ಎರವಲು ಕೊಟ್ಟ ಕೇಳುಗರು. ಸಾವಿರ ಪ್ರತಿಗಳ ಮೊದಲ ಮುದ್ರಣವನ್ನು ಬಲ್ಲ, ಊರಿನಿಂದ ದೂರದಲ್ಲಿ ಒಂದೇ ಪುಸ್ತಕವನ್ನು ಹತ್ತು ಮನೆಗಳಿಗೆ ದಾಟಿಸುವ ನಾವು ಆ ಕೇಳುಗರನ್ನು ನೆಂಟರೆಂದೇ ಎಣಿಸುತ್ತೇವೆ.