ಬ್ರೌಸರ್ ಮೂಲಕ ಡೇಟಾಬೇಸ್ ದಾಖಲೆಗಳ ತಿದ್ದುಪಡಿ

ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕದಲ್ಲಿ ಅಡಕವಾದ ದಾಖಲೆಗಳನ್ನು, ಬೇರೆ ತಂತ್ರಾಂಶದ ಹಂಗಿಲ್ಲದೆ, ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಫಾರ್ಮ್‌ಗಳಿಂದಲೇ ಸೇರಿಸುವ, ತಿದ್ದುವ, ಅಳಿಸುವ ಪದ್ಧತಿ ರೂಢಿಗೆ ಬಂದದ್ದು 1990ರ ದಶಕದಲ್ಲಿ. ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿಯ ಡೇಟಾಬೇಸ್‌ಗಳು ಅಷ್ಟರಲ್ಲಿ ಕಚೇರಿಗಳಲ್ಲಿ ನೆಲೆಯೂರಿದ್ದವಾದರೂ, ಅವುಗಳ ಮೇಲೆ ಕೈಯಾಡಿಸಲು ಎಸ್‌ಕ್ಯೂಎಲ್ ಭಾಷೆಯನ್ನು ಬಲ್ಲವರೋ, ಪ್ರತಿ ಕಂಪ್ಯೂಟರಿಗೂ ಅಳವಡಿಸಿದ ವಿಶೇಷ ತಂತ್ರಾಂಶವೋ ಬೇಕಾಗುತ್ತಿತ್ತು. ಪುಟದಲ್ಲಿ ತುಂಬಿದ ವಿವರಗಳನ್ನು ಸರ್ವರ್‌ನಲ್ಲಿರುವ ಪ್ರೋಗ್ರಾಮಿಗೆ ದಾಟಿಸುವ ಸಿಜಿಐ ವ್ಯವಸ್ಥೆಯನ್ನು ಅಮೆರಿಕದ ಎನ್‌ಸಿಎಸ್‌ಎ ಕೇಂದ್ರ 1993ರಲ್ಲಿ ರೂಪಿಸಿದಾಗ ಈ ತೊಡಕು ನೀಗತೊಡಗಿತು.

ಟೋಬಿಯಾಸ್ ರಾಟ್‌ಶಿಲ್ಲರ್ 1998ರಲ್ಲಿ ಆರಂಭಿಸಿದ ಪಿಎಚ್‌ಪಿಮೈಅಡ್ಮಿನ್ ಈ ಬಗೆಯ ಸಾಧನಗಳಲ್ಲಿ ಬಹುಬಳಕೆಯದು. ಕೋಷ್ಟಕದ ಯಾವುದೇ ಸಾಲಿನ ಪಕ್ಕದ ತಿದ್ದುಪಡಿ ಕೊಂಡಿಯನ್ನು ಒತ್ತಿದರೆ ಕಂಬಸಾಲಿಗೊಂದರಂತೆ ಚೌಕಗಳಿರುವ ಫಾರ್ಮ್ ತೆರೆಯುತ್ತದೆ. ಉಳಿಸಿದೊಡನೆ ಅಗತ್ಯ ಎಸ್‌ಕ್ಯೂಎಲ್ ಆಜ್ಞೆಯನ್ನು ಸಾಧನವೇ ರಚಿಸಿ, ಅದನ್ನು ಬಳಕೆದಾರರಿಗೂ ತೋರಿಸುತ್ತದೆ. ಅದೆಷ್ಟೋ ಮಂದಿ ಎಸ್‌ಕ್ಯೂಎಲ್ ಕಲಿತದ್ದೇ ಹೀಗೆ ಕಣ್ಣಿಗೆ ಬಿದ್ದ ಆಜ್ಞೆಗಳಿಂದ ಎಂದರೆ ಅತಿಶಯೋಕ್ತಿಯಾಗಲಾರದು.

ಪರದೆಯ ಅಂದಕ್ಕಿಂತ ಈ ಪದ್ಧತಿಯನ್ನು ಹೆಚ್ಚು ಕಾಡಿದ್ದು ಎಚ್‌ಟಿಟಿಪಿಯ ಸ್ವಭಾವ. ಪುಟವನ್ನು ಕಳುಹಿಸಿದ ಬಳಿಕ ಅದನ್ನು ಪಡೆದವರು ಯಾರೆಂಬ ನೆನಪನ್ನು ಆ ನಿಯಮಾವಳಿ ತಾನಾಗಿ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಒಂದೇ ದಾಖಲೆಯನ್ನು ಇಬ್ಬರು ಗುಮಾಸ್ತರು ತೆರೆದು, ಒಬ್ಬರು ವಿಳಾಸವನ್ನೂ ಇನ್ನೊಬ್ಬರು ದೂರವಾಣಿ ಸಂಖ್ಯೆಯನ್ನೂ ಬದಲಿಸಿದರೆ, ಎರಡನೆಯವರ ಫಾರ್ಮ್‌ನಲ್ಲಿ ಉಳಿದ ಹಳೆಯ ವಿಳಾಸವೇ ಹೊಸದರ ಮೇಲೆ ಕುಳಿತುಬಿಡಬಹುದು. ಫಾರ್ಮ್‌ನೊಳಗೆ ದಾಖಲೆಯ ಆವೃತ್ತಿ ಸಂಖ್ಯೆಯನ್ನು ಅಡಗಿಸಿಟ್ಟು, ಉಳಿಸುವಾಗ ಅದು ತಾಳೆಯಾಗದಿದ್ದರೆ ತಿದ್ದುಪಡಿಯನ್ನು ನಿರಾಕರಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಅಳಿಸುವ ಕ್ರಿಯೆಯನ್ನು ಬರಿಯ ಕೊಂಡಿಗೆ ಒಪ್ಪಿಸುವುದರ ಅಪಾಯವೂ 2005ರಲ್ಲಿ ಬಯಲಾಯಿತು: ಪುಟದ ಕೊಂಡಿಗಳನ್ನು ಮುಂಚಿತವಾಗಿಯೇ ತೆರೆದಿಡುತ್ತಿದ್ದ ಗೂಗಲ್ ವೆಬ್ ಆಕ್ಸಿಲರೇಟರ್, ಕೆಲವು ಸೇವೆಗಳಲ್ಲಿ ಬಳಕೆದಾರರ ಅರಿವಿಲ್ಲದೆ ದಾಖಲೆಗಳನ್ನು ಅಳಿಸಿಹಾಕಿತು.

ಕ್ಯಾನ್ಸಸ್‌ನ ಲಾರೆನ್ಸ್ ನಗರದ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ ಅದೇ ವರ್ಷ ಸಾರ್ವಜನಿಕವಾದ ಜ್ಯಾಂಗೊ ಎಂಬ ವೆಬ್ ತಂತ್ರಾಂಶ ಚೌಕಟ್ಟು, ದತ್ತಾಂಶದ ವಿವರಣೆಯಿಂದಲೇ ತಿದ್ದುಪಡಿ ಪುಟಗಳನ್ನು ಸಿದ್ಧಪಡಿಸಿಕೊಟ್ಟು, ಪ್ರೋಗ್ರಾಮರ್‌ಗಳ ನೆರವಿಲ್ಲದೆ ಸುದ್ದಿಮನೆಯವರೇ ದಾಖಲೆಗಳನ್ನು ನಿರ್ವಹಿಸುವಂತೆ ಮಾಡಿತು. ಕನ್ನಡದ ಮಟ್ಟಿಗೆ ಅಡಚಣೆ ಬೇರೆಡೆ ಇತ್ತು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಪೂರ್ವನಿಯೋಜಿತ ಅಕ್ಷರಸಂಕೇತ 2018ರ 8.0 ಆವೃತ್ತಿಯವರೆಗೂ ಲ್ಯಾಟಿನ್-1 ಆಗಿದ್ದುದರಿಂದ, ಅದನ್ನು ಬದಲಿಸದೆ ಕಟ್ಟಿದ ಕೋಷ್ಟಕಗಳಲ್ಲಿ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವುದುಂಟು.

2012ರ ಅಕ್ಟೋಬರ್ 29ರಂದು ಆರಂಭವಾದ ವಿಕಿಡೇಟಾ ಇಂತಹ ತಿದ್ದುಪಡಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಅಲ್ಲಿ ಬೆಂಗಳೂರು ಕ್ಯೂ1355 ಎಂಬ ಒಂದೇ ದಾಖಲೆ. ಅದರ ಜನಸಂಖ್ಯೆಯನ್ನು ಆಧಾರಸಹಿತ ಒಮ್ಮೆ ತಿದ್ದಿದರೆ ಕನ್ನಡವೂ ಸೇರಿ ಯಾವ ಭಾಷೆಯ ವಿಕಿಪೀಡಿಯವಾದರೂ ಅದನ್ನು ಎತ್ತಿಕೊಳ್ಳಬಹುದು, ಮತ್ತು ಪ್ರತಿ ಬದಲಾವಣೆಯೂ ಇತಿಹಾಸ ಪುಟದಲ್ಲಿ ಉಳಿಯುವುದರಿಂದ ತಪ್ಪನ್ನು ಹಿಂದಿರುಗಿಸಲು ಬರುತ್ತದೆ. ಆದರೂ ಅಲ್ಲಿನ ತಿದ್ದುಪಡಿಗಳಲ್ಲಿ ದೊಡ್ಡ ಪಾಲು ಫಾರ್ಮ್ ತುಂಬುವ ಕೈಗಳದ್ದಲ್ಲ. ಬಾಟ್ ಎನ್ನುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳದ್ದು ಮತ್ತು ಸಾಮೂಹಿಕ ತಿದ್ದುಪಡಿಯ ಸಾಧನಗಳದ್ದು.