ಕೋಡಿಯ ಮಠದಿಂದ ಮಹಡಿಯ ಕೋಣೆಗೆ

ಓದಲು ಪರಸ್ಥಳದಿಂದ ಬಂದವನು ಎಲ್ಲಿ ಇರಬೇಕು? ಈ ಪ್ರಶ್ನೆಯನ್ನು ನಮ್ಮ ಶಿವಮೊಗ್ಗ ಪ್ರತಿವರ್ಷವೂ ಮುಂಗಾರಿನ ಮೊದಲಲ್ಲಿ ಕೇಳಿಕೊಳ್ಳುತ್ತದೆ, ಮಳೆ ಹಿಡಿದು ನಿಲ್ಲುವ ಹೊತ್ತಿಗೆ ಮರೆತುಬಿಡುತ್ತದೆ. ಆದರೆ ಪ್ರಶ್ನೆ ಹೊಸದಲ್ಲ. ಇದಕ್ಕೆ ಈ ಜಿಲ್ಲೆಯ ಕಲ್ಲುಗಳೇ ಒಮ್ಮೆ ಉತ್ತರ ಹೇಳಿವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಯತಿಗಳ ಕೋಡಿಯ ಮಠವಿತ್ತು. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಶಾಸನವೊಂದು ಅದರ ವೈಭವವನ್ನು ವರ್ಣಿಸುತ್ತದೆ. ನಾಲ್ಕು ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕ ಇವೆಲ್ಲ ಅಲ್ಲಿ ಪಾಠವಾಗುತ್ತಿದ್ದವು. ಇಷ್ಟೇ ಆಗಿದ್ದರೆ ಅದೊಂದು ಪಾಠಶಾಲೆ ಎಂದು ಸುಮ್ಮನಾಗಬಹುದಿತ್ತು. ಅದೇ ಆವರಣದಲ್ಲಿ ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಬಡಿಸುತ್ತಿದ್ದರು, ರೋಗಿಗಳಿಗೆ ಔಷಧವಿತ್ತು, ಹಾಡುವವರಿಗೂ ಕುಣಿಯುವವರಿಗೂ ಕೊಳಲು ಊದುವವರಿಗೂ ಜಾಗವಿತ್ತು, ಶೈವರ ಆ ಮಠದಲ್ಲಿ ಕ್ಷಪಣಕರಿಗೂ ಭಿಕ್ಷೆ ಇತ್ತು. ಸುತ್ತ ಬಳ್ಳಿಗಾವೆಯಂಥ ರಾಜಧಾನಿ, ವರ್ತಕರ ಪಟ್ಟಣ. ಅಲ್ಲಿ ವ್ಯಾಕರಣ ಉರುಹೊಡೆಯುತ್ತಿದ್ದ ಹುಡುಗನ ಕಿವಿಗೆ ಸಂತೆಯ ಗದ್ದಲವೂ ಬೀಳುತ್ತಿದ್ದಿರಬೇಕು. ಅದರಿಂದ ಅವನ ವ್ಯಾಕರಣ ಕೆಟ್ಟಿತೆಂದು ನನಗೆ ತೋರುವುದಿಲ್ಲ.

ಇದಕ್ಕೂ ಹಿಂದಿನ ಮಾತು ಉತ್ತರದ ಸಾಲೋಟಗಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಕ್ರಿ. ಶ. ೯೪೫ರ ಶಾಸನ ತಿಳಿಸುತ್ತದೆ. ಅವರ ವಾಸಕ್ಕೆ ೨೭ ಮನೆಗಳು. ದೀಪದ ವೆಚ್ಚಕ್ಕೆ ೧೨ ನಿವರ್ತನ ಭೂಮಿ. ಮದುವೆ, ಮುಂಜಿ, ಚೌಲಗಳು ನಡೆದಾಗ ಊರವರು ಶಾಲೆಗೆ ಇಷ್ಟಿಷ್ಟು ಕೊಡಬೇಕೆಂಬ ಕಟ್ಟಳೆಯೂ ಇತ್ತು. ದೀಪದ ಎಣ್ಣೆಯನ್ನೂ ಮರೆಯದ ಆ ಮಂತ್ರಿಯನ್ನು ಕಂಡರೆ ನನಗೆ ಅಸೂಯೆ. ಆದರೂ ಅದು ಬ್ರಾಹ್ಮಣ ವಟುಗಳ ಶಾಲೆ. ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಆ ಬಾಗಿಲ ಕಥೆ ಬಹುಕಾಲ ನಡೆಯಿತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರನ್ನು ನಮ್ಮ ಹಿರಿಯರು ಹೆಮ್ಮೆಯಿಂದ ನೆನೆಯುತ್ತಾರೆ. ಎಲೆ ಹಾಕುವ ಮುಂಚೆ ಆ ಮನೆಗಳು ಏನು ವಿಚಾರಿಸುತ್ತಿದ್ದವೆಂಬುದನ್ನು ಮಾತ್ರ ಹೇಳುವುದಿಲ್ಲ. ವಾರಾನ್ನ ಸಿಕ್ಕದವರಿಗಾಗಿ ಲಿಂಗಾಯತ ಮಠಗಳೂ, ೧೯೦೬ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ವಿದ್ಯಾರ್ಥಿನಿಲಯಗಳನ್ನು ತೆರೆದವು. ಸಾವಿರಾರು ರೈತರ ಮಕ್ಕಳು ಅಕ್ಷರ ಕಂಡದ್ದು ಅವುಗಳಿಂದ. ಅವುಗಳ ಋಣ ದೊಡ್ಡದು. ಆದರೆ ಒಂದೊಂದು ಜನಕ್ಕೆ ಒಂದೊಂದು ಸೂರು ಎಂಬುದೂ ಆಗಲೇ ಗಟ್ಟಿಯಾಯಿತು.

ಶಿವಮೊಗ್ಗಕ್ಕೆ ಸಹ್ಯಾದ್ರಿ ಕಾಲೇಜು ಬಂದದ್ದು ೧೯೪೦ರಲ್ಲಿ. ತೀರ್ಥಹಳ್ಳಿ, ಸಾಗರ, ಸೊರಬಗಳ ಹುಡುಗರು ಅದರ ಹಿಂದೆಯೇ ಬಂದರು. ೧೯೮೭ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯ ನೆಲಸಿದ್ದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಇಲ್ಲಿಂದ ಸುಮಾರು ೨೮ ಕಿಲೋಮೀಟರು ದೂರ. ಸ್ಥಳ ರಮ್ಯ, ಕಾಡು ಹತ್ತಿರ. ಪೇಟೆ ಮಾತ್ರ ದೂರ. ಏಕಾಂತ ವಿದ್ಯೆಗೆ ಒಳ್ಳೆಯದೆಂದು ಹೇಳುವವರುಂಟು. ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ನಾಲ್ಕು ಕಾಸು ಸಂಪಾದಿಸಬೇಕಾದ ಹುಡುಗನನ್ನು ಅವರು ಕೇಳಿಲ್ಲ.

ಪೇಟೆಯೊಳಗೆ ವಿದ್ಯಾನಗರ, ದುರ್ಗಿಗುಡಿಗಳ ಕಡೆ ಬೇರೊಂದು ವಾಸ್ತುವನ್ನು ಕಾಣಬಹುದು. ಕೆಳಗೆ ದಿನಸಿ ಅಂಗಡಿ ಅಥವಾ ಜೆರಾಕ್ಸ್, ನಡುವೆ ಮಾಲಿಕರ ಸಂಸಾರ, ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆಗಳಲ್ಲಿ ವಿದ್ಯಾರ್ಥಿಗಳು. ಯಾವ ಎಂಜಿನಿಯರೂ ಯೋಚಿಸಿ ಬರೆದ ನಕ್ಷೆಯಲ್ಲ ಇದು. ಬಾಡಿಗೆಯ ಆಸೆ ಬರೆದದ್ದು. ಆದರೂ ಇದರಲ್ಲಿ ವಿವೇಕವಿದೆ. ಅಂಗಡಿಯ ಬೆಳಕಿನಿಂದ ಬೀದಿಗೆ ರಾತ್ರಿ ಧೈರ್ಯ. ಹುಡುಗನಿಗೆ ಜ್ವರ ಬಂದರೆ ಕೆಳಗಿನ ಮನೆಯಿಂದ ಗಂಜಿ. ಕೊರತೆಯೂ ಅಷ್ಟೇ ಸ್ಪಷ್ಟ: ಜುಲೈ ತಿಂಗಳಲ್ಲಿ ಒದ್ದೆ ಬಟ್ಟೆ ಹರವಲು ಒಂದು ಜಗಲಿಯಿಲ್ಲ, ಓದಲು ಕಿಟಕಿಯಿಲ್ಲ. ನಗರಸಭೆ ಇದ್ದದ್ದು ಈಗ ಮಹಾನಗರಪಾಲಿಕೆಯಾಗಿದೆ. ಅದು ಕೆಳಗೆ ಮಳಿಗೆ, ಮೇಲೆ ಕೋಣೆ ಇರುವ ಕಟ್ಟಡಗಳನ್ನು ತಾನೇ ಕಟ್ಟಿ, ಮಳಿಗೆಯ ಬಾಡಿಗೆಯಿಂದ ಕೋಣೆಯ ಬಾಡಿಗೆಯನ್ನು ಇಳಿಸಬಾರದೇಕೆ? ಸಾಲೋಟಗಿಯ ಕಟ್ಟಳೆಗಿಂತ ಇದು ಕಷ್ಟದ್ದಲ್ಲ.

ಆಗ ಕೋಣೆ ಕೊಡುವವರು ಕೇಳುವ ಪ್ರಶ್ನೆಯೂ ಬದಲಾದೀತು. ನನ್ನ ತರಗತಿಯ ಹುಡುಗನೊಬ್ಬ ಕಳೆದ ವರ್ಷ ಒಂದೇ ಬಡಾವಣೆಯಲ್ಲಿ ಏಳು ಮನೆಗಳ ಮೆಟ್ಟಲು ಹತ್ತಿ ಇಳಿದ. ಬಾಡಿಗೆ ಎಷ್ಟೆಂದು ಹೇಳುವುದಕ್ಕೆ ಮೊದಲೇ ಐದು ಮನೆಗಳವರು, “ನಿಮ್ಮದು ಯಾವ ಜನ?” ಎಂದು ಕೇಳಿದರಂತೆ. ಅವನು ಶಿಕಾರಿಪುರದ ಕಡೆಯವನು. ಈಗ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ.